ಸೋನ್ ಪಾಪ್ಡಿ ಡಬ್ಬಿಯೂ ಸಂಶಯದ ಚಿಕ್ಕಪ್ಪನೂ

ನಮ್ಮ ಚಿಕ್ಕಪ್ಪ ಮಹಾ ದೈವಭಕ್ತರು. ಆದರೆ ಪ್ರಸಾದವನ್ನು ಮಾತ್ರ ಮೂಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುವುದು! ದೇವರ ಮೇಲೆ ಅವರಿಗೆ ಅನುಮಾನವಿಲ್ಲವಂತೆ, ತುಪ್ಪದ ಮೇಲಂತೆ. ಕೇಂದ್ರ ಸರ್ಕಾರದ ಯಾವುದೋ ಇಲಾಖೆಯ ವಿಜಿಲೆನ್ಸ್ ವಿಭಾಗದಲ್ಲಿ ಕೂತು, ಇಡೀ ಸರ್ವೀಸು ಇನ್ನೊಬ್ಬರನ್ನು ಸಂಶಯಿಸುವುದಕ್ಕೇ ಸಂಬಳ ತೆಗೆದುಕೊಂಡವರು. ನಿವೃತ್ತಿಯ ದಿನ ಕುರ್ಚಿಯನ್ನು ಅಲ್ಲೇ ಬಿಟ್ಟು, ಸಂಶಯವನ್ನು ಮಾತ್ರ ದೆಹಲಿಯ ಮಯೂರ್ ವಿಹಾರ್‌ನ ಫ್ಲ್ಯಾಟಿಗೆ ಹೊತ್ತುಕೊಂಡು ಬಂದರು. ತರಕಾರಿ ಭಯ್ಯಾನ ತಕ್ಕಡಿ, ಹಾಲಿನ ಪ್ಯಾಕೆಟ್ಟು, ಸೊಸೈಟಿ ಕಾರ್ಯದರ್ಶಿಯ ನಗು, ಯಾವುದೂ ಅವರ ಪರೀಕ್ಷೆಯಲ್ಲಿ ಇದುವರೆಗೆ ಪಾಸಾಗಿಲ್ಲ. ನಾನು ವಸಂತ್ ಕುಂಜ್‌ನಿಂದ ಆಟೋ, ಮೆಟ್ರೋ ಎಲ್ಲ ಹತ್ತಿಳಿದು ಪ್ರೀತಿಯಿಂದ ನೋಡಲು ಹೋದರೆ ಬಾಗಿಲಲ್ಲೇ ಮೊದಲ ಪ್ರಶ್ನೆ: "ಏನು, ಇದ್ದಕ್ಕಿದ್ದ ಹಾಗೆ?"

ಇಂಥವರು ಈ ಸಲ ತಾವೇ ಫೋನ್ ಮಾಡಿ ನನ್ನನ್ನು ಕರೆಸಿಕೊಂಡರೆಂದರೆ ಅನುಮಾನ ನನಗೂ ಬರಬೇಡವೇ?

ವಿಷಯ ಇಷ್ಟು. ಚಿಕ್ಕಮ್ಮನಿಗೆ, ಅಂದರೆ ನನ್ನ ಅಮ್ಮನ ತಂಗಿಗೆ, ಥೈರಾಯ್ಡ್ ಗಂಟು. ಮುಂದಿನ ಸೋಮವಾರ ಆಪರೇಷನ್. ಗಂಟು ದನಿಯ ನರಕ್ಕೆ ಒತ್ತಿಕೊಂಡಿದೆ, ಆಮೇಲೆ ದನಿ ಒಡೆಯಬಹುದು, ಮೊದಲಿನಂತೆ ಆಗಬಹುದು, ಆಗದೆಯೂ ಇರಬಹುದು ಎಂದರಂತೆ ಡಾಕ್ಟರು. ಚಿಕ್ಕಪ್ಪ ಇನ್ನೊಬ್ಬ ಡಾಕ್ಟರನ್ನು ಕೇಳಿದರು, ಆಮೇಲೆ ಮತ್ತೊಬ್ಬರನ್ನು. ಎಲ್ಲರೂ ಅದನ್ನೇ ಹೇಳಿದರು. ಎಲ್ಲರೂ ಒಂದೇ ಮಾತು ಹೇಳಿದ್ದಕ್ಕೂ ಅವರಿಗೆ ಅನುಮಾನ ಬಂತೆನ್ನುವುದು ಬೇರೆ ಮಾತು! ಕೊನೆಗೆ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡನ್ನೂ ಒಂದು ಮೈಕನ್ನೂ ತಂದು, ಪುಸ್ತಕ ನೋಡಿ ಕಲಿತು ಅದಕ್ಕೆ ತಾವೇ ಪ್ರೋಗ್ರಾಮು ಬರೆದು, ದೀಪಾವಳಿಗೆ ಯಾರೋ ಕೊಟ್ಟಿದ್ದ ಸೋನ್ ಪಾಪ್ಡಿ ಡಬ್ಬಿಗೆ ತೂತು ಕೊರೆದು ಒಳಗಿಟ್ಟು, ಅಡುಗೆಮನೆಯ ಫ್ರಿಜ್ಜಿನ ಮೇಲೆ ಪ್ರತಿಷ್ಠಾಪಿಸಿದರು. ಚಿಕ್ಕಮ್ಮನ ದನಿಯನ್ನು ಹಿಡಿದಿಡಬೇಕಂತೆ. ಮೊಬೈಲಿನಲ್ಲೇ ಮಾಡಬಹುದಿತ್ತಲ್ಲ ಎಂದರೆ, ಮೊಬೈಲು ಕೇಳಿಸಿಕೊಂಡದ್ದನ್ನು ಊರಿಗೆಲ್ಲ ಹೇಳಿಕೊಂಡು ಬರುತ್ತದಂತೆ. ಚಿಕ್ಕಮ್ಮ ಹಣೆ ಚಚ್ಚಿಕೊಂಡು, ಇಟ್ಟುಕೊಳ್ಳಿ, ನನಗೇನು ಎಂದುಬಿಟ್ಟಿದ್ದರು.

ಮೊದಮೊದಲು ಡಬ್ಬಿ ಚೆನ್ನಾಗಿಯೇ ನಡೆಯಿತು. ಆಮೇಲೆ ಮುಗ್ಗರಿಸತೊಡಗಿತು. ಚಿಕ್ಕಮ್ಮ "ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಬೇಡಿ" ಎಂದರೆ ಡಬ್ಬಿಯಲ್ಲಿ ಉಳಿಯುತ್ತಿದ್ದದ್ದು "ಒದ್... ವೆಲ್... ಬೇಡಿ" ಅಷ್ಟೇ. ಬೋರ್ಡಿನಲ್ಲಿರುವ ಉಗುರಿನಷ್ಟು ಮೆಮೊರಿ ಕಾರ್ಡಿಗೆ ದನಿ ಬರೆದುಕೊಳ್ಳುವ ವೇಗ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಕಾರ್ಡು ಒಂದು ಮಾತು ಬರೆದುಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಹತ್ತು ಮಾತು ಮುಂದೆ ಹೋಗಿರುತ್ತಿದ್ದರು! ಆಪರೇಷನ್ನಿಗೆ ಮುಂಚೆ ಇದು ಸರಿಹೋಗಲೇಬೇಕು ಎಂದರು ಚಿಕ್ಕಪ್ಪ. ಅವರ ಮುಖ ನೋಡಿ ನನಗೆ ನಗು ಬರಲಿಲ್ಲ.

ಸರಿ, ತನಿಖೆ ಶುರು. ಮೊದಲ ಆರೋಪಿ ಚಾರ್ಜರು. ಕರೆಂಟು ಸಾಲದಿದ್ದರೆ ಬೋರ್ಡು ಸುಸ್ತಾಗುವುದು ನಿಜವೇ. ಹೊಸ ಚಾರ್ಜರು ಬಂತು, ಡಬ್ಬಿ ಮಾತ್ರ ಹಾಗೇ ತೊದಲಿತು. ಎರಡನೆಯ ಆರೋಪಿ ದೆಹಲಿಯ ಸೆಕೆ. ಡಬ್ಬಿಗೆ ಟೇಬಲ್ ಫ್ಯಾನ್ ಇಟ್ಟರು. ಈಗ ಚಿಕ್ಕಮ್ಮ ತುಂಡುತುಂಡಾಗಿ, ಅದೂ ವಿಮಾನದೊಳಗಿಂದ ಕೂಗಿದಂತೆ ಕೇಳಿಸಿದರು. ಮೂರನೆಯ ಆರೋಪಿ ಮೇಲಿನ ಫ್ಲ್ಯಾಟಿನವನು. ಲಿಫ್ಟಿನಲ್ಲಿ ವಿನಾಕಾರಣ ನಮಸ್ತೆ ಹೇಳಿದನಂತೆ, ಆದ್ದರಿಂದ ನಮ್ಮ ವೈಫೈ ಕದಿಯುತ್ತಿರಬೇಕು. ವೈಫೈಗೂ ಕಾರ್ಡಿಗೂ ಸಂಬಂಧವೇ ಇಲ್ಲ ಎಂದೆ. ಸಂಬಂಧವೇ ಇಲ್ಲದ ಹಾಗೆ ತೋರಿಸುವುದೇ ಕಳ್ಳರ ಕಲೆಯಂತೆ!

ಉಳಿದದ್ದು ಕಾರ್ಡು. ನಕಲಿ ಮಾಲೇ ಇರಬೇಕೆಂದು ಶನಿವಾರ ನನ್ನನ್ನು ಎಳೆದುಕೊಂಡು ಕರೋಲ್ ಬಾಗ್‌ಗೆ ಹೊರಟರು. ಅದನ್ನು ಮಾರಿದ್ದ ಅಂಗಡಿಯವನು ಆ ಗಿರಾಕಿಗಳ ನೂಕುನುಗ್ಗಲಿನಲ್ಲೂ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿ, ಬರೆದು, ಓದಿಸಿ, ವೇಗ ಸರಿಯಿದೆಯೆಂದು ತೋರಿಸಿದ. ಚಿಕ್ಕಪ್ಪ ಕನ್ನಡಕ ಮೇಲೇರಿಸಿ, "ಯೇ ಮಶೀನ್ ಭೀ ತೋ ಆಪ್ ಕಾ ಹೀ ಹೈ ನಾ?" ಎಂದರು. ಹೌದು ಅಂಕಲ್‌ಜೀ, ಮಶೀನೂ ನನ್ನದೇ, ಅಂಗಡಿಯೂ ನನ್ನದೇ ಎಂದ ಅವನು. ಆದರೂ ಒಂದು ಹೊಸ ಕಾರ್ಡು ಕೊಂಡದ್ದಾಯಿತು. ಪ್ಯಾಕೆಟ್ಟಿನ ಮೇಲೆ ಅವನಿಂದ ಸಹಿ ಹಾಕಿಸಿಕೊಂಡದ್ದೂ ಆಯಿತು. ಮೆಟ್ರೋದಲ್ಲಿ ಮನೆ ಸೇರುವವರೆಗೆ ಚಿಕ್ಕಪ್ಪನ ಕೈ ಜೇಬು ಬಿಟ್ಟು ಕದಲಲಿಲ್ಲ.

ಹಳೆಯ ಕಾರ್ಡಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಇಳಿಸಿ ಡಬ್ಬಿ ಮುಚ್ಚಿದರೆ, ಮತ್ತದೇ ತೊದಲು! ಆಗ ಅವರ ದೃಷ್ಟಿ ನಿಧಾನವಾಗಿ ನನ್ನ ಕಡೆ ತಿರುಗಿತು. ನೀನು ಆಫೀಸಿನಲ್ಲಿ ಮಾಡುವುದೂ ಇಂಥದೇ ಕೆಲಸ ಅಲ್ಲವಾ ಎಂದು ಕೇಳಿದರು. ಹೌದೆಂದೆ. "ಹ್ಞೂಂ" ಎಂದರು. ಅವರ ಆ ಒಂದು ಹ್ಞೂಂಗೆ ಅದೆಷ್ಟು ಜನರ ಬಡ್ತಿ ನಿಂತುಹೋಗಿತ್ತೋ!

ಭಾನುವಾರ ಬೆಳಿಗ್ಗೆ ಮತ್ತೆ ಹೋದೆ. ಸಂಜೆ ಚಿಕ್ಕಮ್ಮ ಆಸ್ಪತ್ರೆಗೆ ಸೇರಬೇಕು, ಚೀಲ ಆಗಲೇ ಬಾಗಿಲ ಬಳಿ ಸಿದ್ಧವಾಗಿತ್ತು. ನಡುಮನೆಯಲ್ಲಿ ಕೂತು ನನ್ನ ಲ್ಯಾಪ್‌ಟಾಪಿನಿಂದ ಡಬ್ಬಿಯೊಳಗೆ ಇಣುಕಿದೆ. ಚಿಕ್ಕಪ್ಪ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ನನ್ನ ಬೆರಳುಗಳನ್ನು ಕಾಯುತ್ತಿದ್ದರು. ನೋಡಿದರೆ ವಿಚಿತ್ರ! ಮನೆಯಲ್ಲಿ ಯಾರೂ ತುಟಿ ಬಿಚ್ಚದಿದ್ದರೂ ಆ ಕಾರ್ಡಿಗೆ ಒಂದು ಕ್ಷಣ ಬಿಡುವಿಲ್ಲ, ಯಾರೋ ಓದುತ್ತಿದ್ದಾರೆ, ಬರೆಯುತ್ತಿದ್ದಾರೆ. ಒಳಗೆ ಯಾರೋ ಸೇರಿಕೊಂಡಿದ್ದಾರೆಂದು ತಾನು ಮೊದಲೇ ಹೇಳಿರಲಿಲ್ಲವೇ ಎಂದು ಚಿಕ್ಕಪ್ಪನಿಗೆ ಸಂಭ್ರಮ. ಜಾಡು ಹಿಡಿದು ಹೋದೆ. ಸಿಕ್ಕಿತು.

"ಕಳ್ಳ ಸಿಕ್ಕಿದ, ಚಿಕ್ಕಪ್ಪ."

"ಯಾರು?"

"ನೀವೇ."

ಅವರು ಸಾಕ್ಷಿ ಕೇಳಿದರು.

ಸಾಕ್ಷಿ ಅವರೇ ಬರೆದ ಪ್ರೋಗ್ರಾಮು. ಸರ್ಕಾರಿ ಕಚೇರಿಯ ರೂಢಿ ಬಿಟ್ಟೀತೇ? ಚಿಕ್ಕಮ್ಮ ಆಡಿದ ಪ್ರತಿಯೊಂದು ಮಾತಿಗೂ ಮೂರು ಪ್ರತಿ: ಒಂದು ಮೂಲ, ಒಂದು ನಕಲು, ಒಂದು ಆಫೀಸ್ ಕಾಪಿ. ಅಷ್ಟಕ್ಕೂ ನಂಬಿಕೆ ಬರದೆ, ಮೊದಲ ದಿನದಿಂದ ಇವತ್ತಿನವರೆಗಿನ ಮೂರು ಪ್ರತಿಗಳನ್ನೂ ಒಂದಕ್ಕೊಂದು ತಾಳೆ ನೋಡುವುದು. ಮುಗಿದರೆ ಮತ್ತೆ ಮೊದಲಿನಿಂದ! ಮಾತು ಬೆಳೆದಂತೆಲ್ಲ ತಾಳೆಯ ಕೆಲಸವೂ ಬೆಳೆದು, ಪಾಪ, ಕಾರ್ಡಿಗೆ ಹೊಸ ಮಾತು ಕೇಳಿಸಿಕೊಳ್ಳಲು ಪುರುಸೊತ್ತೇ ಇರಲಿಲ್ಲ. ತಮಾಷೆಯೆಂದರೆ ಆ ಮೂರು ಪ್ರತಿಗಳೂ ಇದ್ದದ್ದು ಒಂದೇ ಕಾರ್ಡಿನಲ್ಲಿ. ಅದು ಕೆಟ್ಟರೆ ಮೂರೂ ಒಟ್ಟಿಗೆ ಗೋವಿಂದ! ತಾಳೆ ನಿಲ್ಲಿಸಿ ತೋರಿಸಿದೆ, ವೇಗ ಏರಿತು. ಮತ್ತೆ ಹಚ್ಚಿದೆ, ಇಳಿಯಿತು. ಕೊನೆಗೆ ಪೂರ್ತಿ ನಿಲ್ಲಿಸಿಯೇಬಿಟ್ಟೆ. ಅಡುಗೆಮನೆಯಿಂದ ಚಿಕ್ಕಮ್ಮ, ಈ ಮನೆಯಲ್ಲಿ ಎಲ್ಲದಕ್ಕೂ ಕಾರಣ ಅವರೇ ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ, ಯಾರು ಕೇಳುತ್ತಾರೆ ಎಂದರು.

ಜಾಗ ಉಳಿಸೋಣವೆಂದು ಒಳಗಿದ್ದದ್ದನ್ನೆಲ್ಲ ಒಂದೊಂದೇ ಹಾಕಿ ಕೇಳಿದೆ. ಚಿಕ್ಕಮ್ಮ ಸೊಗಸಾಗಿ ಹಾಡುತ್ತಾರೆ, ಇಲ್ಲಿನ ಕನ್ನಡದವರ ಯಾವ ಸಮಾರಂಭವೂ ಅವರ ಪ್ರಾರ್ಥನೆಯಿಲ್ಲದೆ ಶುರುವಾಗುವುದಿಲ್ಲ. ಡಬ್ಬಿಯ ತುಂಬ ಹಾಡೇ ಇರುತ್ತದೆಂದು ನಾನು ತಿಳಿದಿದ್ದೆ. ಹಾಡು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಗೊಣಗಾಟ: ಮಾತ್ರೆ ನುಂಗಿದಿರಾ, ಗ್ಯಾಸ್ ಆರಿಸಿ ಅಂದೆನಲ್ಲ, ಆ ಭಯ್ಯಾನ ಜೊತೆ ಯಾಕೆ ಜಗಳ, ನಿಮಗೆ ಯಾವಾಗ ಬುದ್ಧಿ ಬರುತ್ತೆ. ಹಾಡುಗಳನ್ನಿಟ್ಟುಕೊಂಡು ಇವನ್ನೆಲ್ಲ ಅಳಿಸಿಬಿಡೋಣವೇ ಎಂದೆ.

ಚಿಕ್ಕಪ್ಪ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಹಾಡು ಎಲ್ಲರಿಗೂ ಹಾಡ್ತಾಳಮ್ಮ. ಎಲ್ಲರ ಹತ್ರಾನೂ ಇದೆ. ಇದು ನನಗೊಬ್ಬನಿಗೇ."

ಅಳಿಸುವ ಮಾತು ಅಲ್ಲಿಗೇ ಬಿಟ್ಟು, ಹಳೆಯ ಕಾರ್ಡಿಗೆ ಎಲ್ಲವನ್ನೂ ಇನ್ನೊಂದು ಪ್ರತಿ ಇಳಿಸಿದೆ. ಚಿಕ್ಕಪ್ಪ ಅದನ್ನು ತಗೊಂಡು, ಒಂದು ನಿನ್ನ ಹತ್ತಿರ ಇರಲಿ ಎಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

ಅಷ್ಟರಲ್ಲಿ ಒಳಗಿನಿಂದ ಚಿಕ್ಕಮ್ಮ "ರೀ" ಎಂದು ಕರೆದರು. ಊಟಕ್ಕೆ. ಚಿಕ್ಕಪ್ಪ ಏಳಲಿಲ್ಲ. ಬಂದೆವು ಎನ್ನಲು ನಾನು ಬಾಯಿ ತೆರೆದೆ. ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಸುಮ್ನಿರು," ಎಂದರು, "ಇನ್ನೊಂದ್ಸಲ ಕರೀಲಿ."