ಕಾಕಾನ ಗೇಟಿಗೆ ಬಂದವರ ಉಪವಾಸ

ಬೇಡುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ವಿಜಯಪುರ ಜಿಲ್ಲೆಯಲ್ಲೇ ಇಲ್ಲ. ಕೊಡಲು ಬಂದವರನ್ನು ಓಡಿಸುವುದರಲ್ಲೂ ಇಲ್ಲ! ಈ ಎರಡು ವಿದ್ಯೆ ಒಂದೇ ತಲೆಯಲ್ಲಿ ಹೇಗೆ ಸಂಸಾರ ಮಾಡುತ್ತಿವೆ ಎಂದು ನನ್ನನ್ನು ಕೇಳಬೇಡಿ. ಆ ಸಂಸಾರದ ಜಗಳ ಬಿಡಿಸಿ ಬಿಡಿಸಿಯೇ ನನಗೆ ಬಿ.ಪಿ. ಬಂದದ್ದು.

ತಿಕೋಟಾದ ಒಂದು ಮದುವೆಯಲ್ಲಿ ಎಲ್ಲರೂ ಅಕ್ಕಿಕಾಳು ಹಿಡಿದುಕೊಂಡು ಮುಹೂರ್ತಕ್ಕೆ ಕಾಯುತ್ತಿದ್ದರೆ, ಕಾಕಾ ವರನ ಅಪ್ಪನ ಕಿವಿಗೆ ಬಾಯಿ ಹಚ್ಚಿ, “ಜೋಳದ್ದು ಒಂದ್ ಮಾತ್ ಹೇಳಿಬಿಡ್ರಲಾ, ಆಮ್ಯಾಲ ನಿಮಗ ಗದ್ದಲ ಇರತೈತಿ” ಎನ್ನುತ್ತಿದ್ದರು. ಬಬಲೇಶ್ವರದ ಬಸ್ಸಿನಲ್ಲಿ ಪಕ್ಕದವರು ನಿದ್ದೆ ಹೋಗಿದ್ದರೆ ಎಬ್ಬಿಸಿ ಬೇಡುತ್ತಾರೆ. ಕಾಖಂಡಕಿಯಲ್ಲಿ ಸತ್ತವರ ಮನೆಗೆ ಮಾತಾಡಿಸಲು ಹೋದವರು, “ಅಜ್ಜಾರು ಮಲಗತಿದ್ದ ಗಾದಿ ಇನ್ನೂ ಗಟ್ಟಿ ಐತಲ್ರಿ?” ಎಂದು ಕೇಳಿ ಗಾದಿ ಹೊತ್ತುಕೊಂಡೇ ಬಂದರು. ಜೊತೆಗೆ ಹೋಗಿದ್ದ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ದುಃಖಕ್ಕೆ ಎಂದು ಎಲ್ಲರೂ ತಿಳಿದರು, ಪುಣ್ಯ!

ಇಷ್ಟೆಲ್ಲ ಅಥಣಿ ರಸ್ತೆಯ ಆಶ್ರಮಕ್ಕಾಗಿ. ಅದು ಬ್ರಿಟಿಷರ ಕಾಲದಲ್ಲಿ ಕುಷ್ಠರೋಗಿಗಳಿಗೆಂದು ಕಟ್ಟಿದ್ದು. ಊರಿಗೆ ಕಾಣಬಾರದು ಎಂದೇ ಅಷ್ಟು ದೂರ ಕಟ್ಟಿದ್ದರು. ಈಗ ಊರೇ ನಡೆದುಕೊಂಡು ಬಂದು ಸುತ್ತಲೂ ಲೇಔಟ್ ಹಾಕಿಕೊಂಡು ಕುಳಿತಿದೆ. ಒಳಗಿರುವವರು ಏಳು ಜನ ಮುದುಕ ಮುದುಕಿಯರು. ಗುಳಿಗೆ ನುಂಗಿ ಅವರ ರೋಗ ವಾಸಿಯಾಗಿ ಎಷ್ಟೋ ಕಾಲವಾಯಿತು. ಆದರೆ ಮನೆಯವರು ಯಾರೂ ಮರಳಿ ಕರೆಯಲು ಬರಲಿಲ್ಲ, ಅಲ್ಲೇ ಉಳಿದುಬಿಟ್ಟರು. ಕಾಕಾನ ಅಜ್ಜ ಅಲ್ಲಿ ಕಾರಭಾರಿ ಆಗಿದ್ದರು. ಉಳಿದವರ ಅಜ್ಜಂದಿರು ಹೊಲ ಬಿಟ್ಟು ಹೋದರೆ ಕಾಕಾನ ಅಜ್ಜ ಈ ಉಸಾಬರಿ ಬಿಟ್ಟು ಹೋದರು. ನಾನು ಸಾಲಿಯ ಶಿಕ್ಷಕಿ ಕೆಲಸದಿಂದ ನಿವೃತ್ತಳಾದ ವಾರದಲ್ಲೇ ಕಾಕಾ ನನ್ನನ್ನೂ ಎಳೆದುಕೊಂಡರು. “ನೀ ಕಾರ್ಯದರ್ಶಿ ಆಗಬೇ. ನಿನ್ನ ಸಹಿ ಚಂದ ಐತಿ” ಎಂದರು. ಇಷ್ಟೇ ನನ್ನ ಅರ್ಹತೆ.

ಇನ್ನು ಓಡಿಸುವ ವಿದ್ಯೆ. ಆಶ್ರಮಕ್ಕೆ ಒಂದು ಕಟ್ಟಳೆಯಿದೆ. ದಾನ ಕೊಡುವವರು ಒಳಗೆ ಬಂದು, ಅಲ್ಲಿಯವರು ಮಾಡಿದ ರೊಟ್ಟಿಯನ್ನು ಅವರ ಪಂಕ್ತಿಯಲ್ಲೇ ಕುಳಿತು ಉಣ್ಣಬೇಕು. ಉಣ್ಣದವರ ಒಂದು ಕಾಳೂ ಬೇಡ! ಇದನ್ನು ಹಾಕಿದ್ದು ಆ ಅಜ್ಜನೇ. ಆಗ ಸರ್ಕಾರದ್ದು ಒಂದಿಷ್ಟು ಅನುದಾನ, ಉಳಿದದ್ದು ಸಾಹುಕಾರರ ಧರ್ಮ. ಜಿಲ್ಲೆಯ ಸಾಹೇಬ ವರ್ಷಕ್ಕೊಮ್ಮೆ ಬಂದು, ಕುದುರೆಯಿಂದ ಇಳಿಯದೆ, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ದಯೆಯ ಬಗ್ಗೆ ಭಾಷಣ ಮಾಡುತ್ತಿದ್ದನಂತೆ. ಸಾಹುಕಾರರ ಜೋಳದ ಬಂಡಿ ದೂರದ ಬೇವಿನ ಗಿಡದ ಹತ್ತಿರವೇ ನಿಂತು, ಚೀಲ ಉರುಳಿಸಿ, ಎತ್ತಿಗೆ ಬಾರುಕೋಲು ಬೀಸಿ ಓಡುತ್ತಿತ್ತಂತೆ. ಧೂಳು ಅಡಗಿದ ಮೇಲೆ ಒಳಗಿನವರು ಹೋಗಿ, ಬೆರಳಿಲ್ಲದ ಕೈಗಳಿಂದ ನೆಲದ ಮೇಲಿನ ಕಾಳು ಬಳಿಯಬೇಕಿತ್ತು. ಒಂದು ದಿನ ಅಜ್ಜ ಬಂಡಿಗೆ ಅಡ್ಡ ನಿಂತು, “ಒಗದ ಜೋಳ ಬ್ಯಾಡ. ಒಳಗ ಬಂದು ಉಂಡು ಕೊಡ್ರಿ” ಎಂದು ತಿರುಗಿಸಿ ಕಳಿಸಿಬಿಟ್ಟರು.

ಆ ವರ್ಷ ಎಲ್ಲರೂ ಅರೆಹೊಟ್ಟೆ. ಅಜ್ಜನಿಗೆ ಮನೆಯಲ್ಲಿ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯಲಾರೆ. ಕಡೆಗೆ ಮಮದಾಪುರದ ಒಬ್ಬ ಕುರಿಗಾರ ಬಂದು, ಪಂಕ್ತಿಯಲ್ಲಿ ಕುಳಿತು, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡು, ಒಂದು ಕುರಿ ಬಿಟ್ಟು ಹೋದನಂತೆ. ಅಜ್ಜ ಆ ಕುರಿಯನ್ನು ಆನೆ ಬಂದಂತೆ ಬರಮಾಡಿಕೊಂಡರಂತೆ!

ಅಂದಿನಿಂದ ಇಂದಿನವರೆಗೆ ನಮ್ಮ ಗೇಟಿಗೆ ಬಂದವರ ದೈವಭಕ್ತಿಯನ್ನು ಏನೆಂದು ವರ್ಣಿಸಲಿ? ಸೋಮವಾರ ಬಂದವರಿಗೆ ಸೋಮವಾರದ ಉಪವಾಸ. ಗುರುವಾರ ಬಂದವರಿಗೆ ಗುರುವಾರದ್ದು, ಶನಿವಾರದವರಿಗೆ ಶನಿವಾರದ್ದು. ಯಾವ ದೇವರಿಗೂ ಸೇರದ ಬುಧವಾರವೂ ಒಬ್ಬರು ಹೊಟ್ಟೆ ಹಿಡಿದುಕೊಂಡು, “ಇವತ್ತ ಉಪವಾಸ ಐತ್ರಿ” ಎಂದರು. ಕಾಕಾ ಸುಮ್ಮನೆ ಬಿಡುವ ಆಸಾಮಿಯೇ? ಮರುದಿನದಿಂದ ಅಡುಗೆಮನೆಯಲ್ಲಿ ರೊಟ್ಟಿಯ ಜೊತೆಗೆ ಉಪವಾಸಕ್ಕೆ ನಡೆಯುವ ಸಾಬೂದಾಣಿ ಖಿಚಡಿಯೂ ತಯಾರು! ಯಾರಾದರೂ ಉಪವಾಸ ಎಂದರೆ ಸಾಕು, ಒಳಗಿನಿಂದ ನೀಲವ್ವ ಕೂಗಿ ಹೇಳುತ್ತಾಳೆ, “ಉಪವಾಸದವ್ರಿಗೂ ಮಾಡೇನ್ರಿ, ಬರ್ರಿ!” ಆಮೇಲೆ ಕಾರಿನ ಬಾಗಿಲು ಬಡಿದುಕೊಂಡ ಸಪ್ಪಳ ಕೇಳುತ್ತದೆ.

ನೀಲವ್ವ ಆಶ್ರಮದ ಹಿರಿಯಳು. ಹುಡುಗಿಯಾಗಿದ್ದಾಗ ಬಂದವಳು, ಕಾಕಾನನ್ನು ಚಡ್ಡಿಯಲ್ಲಿ ನೋಡಿದವಳು. ಬೆರಳುಗಳು ಬುಡಕ್ಕೇ ಸವೆದಿವೆ. ಬರೀ ಅಂಗೈಯಿಂದ ರೊಟ್ಟಿ ಬಡಿಯುತ್ತಾಳೆ. ನಮ್ಮೆಲ್ಲರ ರೊಟ್ಟಿಯ ಮೇಲೆ ಬೆರಳ ಗುರುತು ಇರುತ್ತದಲ್ಲ, ಅವಳದರ ಮೇಲೆ ಇರುವುದಿಲ್ಲ. ಕಾಕಾ ಚಿಕ್ಕವರಿದ್ದಾಗಿನಿಂದ ಮಧ್ಯಾಹ್ನ ಉಂಡದ್ದು ಆ ರೊಟ್ಟಿಯನ್ನೇ. “ನಾ ಮಾಡಿದ ರೊಟ್ಟ್ಯಾಗ ಮುಳ್ಳ ಐತೇನ?” ಎಂದು ಕಾಕಿ ಮದುವೆಯಾದ ಹೊಸತರಲ್ಲಿ ಶುರುಮಾಡಿದ ಜಗಳ ಇನ್ನೂ ಮುಗಿದಿಲ್ಲ.

ಹೀಗೆ ನಗುತ್ತಾ ಇರುವಾಗ ಆಶ್ರಮದ ತಲೆಯ ಮೇಲಿನ ಮಣ್ಣಿನ ಮಾಳಿಗೆ ಕೈಕೊಟ್ಟಿತು. ತೊಲೆಗಳೊಳಗೆ ಗೆದ್ದಲು. ರಾತ್ರಿ ಮಣ್ಣು ಉದುರಿ ಮುಖದ ಮೇಲೆ ಬೀಳುತ್ತದೆ ಎಂದು ಮುದುಕರು ಮಂಚವನ್ನು ದಿನಕ್ಕೊಂದು ಮೂಲೆಗೆ ಎಳೆದುಕೊಳ್ಳತೊಡಗಿದರು. ಬಂದು ನೋಡಿದ ಇಂಜಿನಿಯರು ಮಳೆಗಾಲದೊಳಗೆ ಮಾಳಿಗೆ ಹೊಸದಾಗದಿದ್ದರೆ ಇವರನ್ನು ಇಲ್ಲಿ ಇಡುವಂತಿಲ್ಲ ಎಂದರು. ಎಲ್ಲರಿಗೂ ಒಂದೇ ಕಡೆ ಜಾಗ ಸಿಗುವುದಿಲ್ಲವಂತೆ. ಒಬ್ಬರು ಒಂದು ಊರಿಗೆ, ಇನ್ನೊಬ್ಬರು ಇನ್ನೊಂದಕ್ಕೆ. ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ನೀಲವ್ವನಂತೂ, “ಈ ವಯಸ್ಸಿನ್ಯಾಗ ನನ್ನ ಕೈ ನೋಡಿ ಅಂಜಲಾರದವರನ್ನ ಮತ್ತ ಎಲ್ಲಿ ಹುಡಕಲಿ ತಂಗಿ?” ಎಂದಳು. ಆಕಾಶ ನೋಡುವುದೇ ಕೆಲಸವಾಯಿತು. ಒಂದು ಬಿಳಿ ಮೋಡ ಕಂಡರೂ ಮಳೆಗಾಲಕ್ಕೆ ದಿನ ಎಣಿಸುತ್ತಿದ್ದೆ.

ಕಾಕಾ ಸುತ್ತದ ಊರಿಲ್ಲ. ಉಣ್ಣುವವರು ಬಂದರು, ಅವರ ಹತ್ತಿರ ಒಂದು ಚೀಲ ಜೋಳದಾಚೆ ಕೊಡುವ ಶಕ್ತಿಯಿರಲಿಲ್ಲ. ಕೊಡುವ ಶಕ್ತಿಯಿದ್ದವರಿಗೆ ಎಂದಿನಂತೆ ಉಪವಾಸ. ಕಡೆಗೆ ತಿಕೋಟಾದ ಒಬ್ಬ ಒಣದ್ರಾಕ್ಷಿ ವ್ಯಾಪಾರಿ, ಇಡೀ ಮಾಳಿಗೆ ತೆಗೆಸಿ ಹೊಸದು ಹಾಕಿಸಿಕೊಡುತ್ತೇನೆ, ಒಮ್ಮೆ ಬಂದು ನೋಡಿ ಹೋಗುತ್ತೇನೆ ಎಂದು ಫೋನ್ ಮಾಡಿದರು. ನನಗೆ ಕುಣಿಯಬೇಕೆನಿಸಿತು. ಮರುಕ್ಷಣ ಕಟ್ಟಳೆ ನೆನಪಾಗಿ ಕಾಕಾನ ಹತ್ತಿರ ಓಡಿದೆ.

“ಕಾಕಾ, ಈ ಒಂದ್ ಸಲ ಸುಮ್ಮನಿರು. ಉಣ್ಣು ಅನಬ್ಯಾಡ. ನಿನ್ನ ಕಾಲ ಬೀಳತೇನಿ.”

“ಯಾಕಬೇ, ರೊಟ್ಟಿ ಉಂಡ್ರ ಅವ್ರೇನ ಸಾಯತಾರ?” ಎಂದು ನನ್ನ ಮೇಲೇ ಹಾರಿದರು. ನಾನು ಬಿ.ಪಿ. ಗುಳಿಗೆ ನುಂಗಿದೆ.

ವ್ಯಾಪಾರಿ ಬಂದ ದಿನ ಅಡುಗೆಮನೆಯಿಂದ ಹೊಗೆ ಏಳುತ್ತಿತ್ತು. ಅವರು ಮಾಳಿಗೆ ನೋಡಿದರು, ತೊಲೆ ಬೆರಳಲ್ಲಿ ಕೆರೆದರು, ನಾಚಿಕೊಂಡು ಕೈ ಜೋಡಿಸಿ ಎಲ್ಲ ಮುದುಕರನ್ನೂ ಮಾತಾಡಿಸಿದರು. ಕೆಟ್ಟ ಮನುಷ್ಯರಲ್ಲ. ಆದರೆ ಕಣ್ಣು ಮಾತ್ರ ಅಡುಗೆಮನೆಯ ಕಡೆಗೆ ಹೋಗಿ ಹೋಗಿ ಬರುತ್ತಿತ್ತು. ಕಡೆಗೆ ಗೇಟಿನ ಹತ್ತಿರ ನಿಂತು, “ಅಜ್ಜಾರ, ಅದೇನಂದ್ರ ಇವತ್ತ...” ಎಂದು ಶುರುಮಾಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು, ಏಳು ಜನ ಏಳು ಊರಿಗೆ!

ಕಾಕಾ ಅವರನ್ನು ಮಾತು ಮುಗಿಸಲು ಬಿಡಲಿಲ್ಲ. “ಇವತ್ತ ನಮ್ಮಲ್ಲಿ ಒಲಿ ಹಚ್ಚಿಲ್ಲರಿ. ಉಣ್ರಿ ಅನ್ನಾಕ ಏನೂ ಇಲ್ಲ” ಎಂದರು.

ನಾನು ಕಣ್ಣು ಬಿಟ್ಟೆ. ಹೊಗೆ ನಮ್ಮ ಮೂವರ ಮುಖಕ್ಕೂ ಬರುತ್ತಿದೆ. ಒಳಗೆ ನೀಲವ್ವ ರೊಟ್ಟಿ ಬಡಿಯುವ ಸಪ್ಪಳ ಟಪ್ ಟಪ್ ಎಂದು ರಸ್ತೆಗೂ ಕೇಳುತ್ತಿದೆ. ವ್ಯಾಪಾರಿ ಕಾಕಾನ ಮುಖ ನೋಡಿದರು, ತಲೆ ತಗ್ಗಿಸಿದರು. “ಸೋಮವಾರ ಕೆಲಸದವ್ರನ್ನ ಕಳಸತೇನ್ರಿ” ಎಂದು ಕಾರು ಹತ್ತಿದರು. ಅಷ್ಟರಲ್ಲಿ ಒಳಗೆ ರೊಟ್ಟಿಯ ಸಪ್ಪಳ ನಿಂತುಹೋಗಿತ್ತು.

ನನಗೆ ಕುಣಿಯಲು ಇನ್ನೇನು ಬೇಕಿತ್ತು? ಆದರೆ ಕಾಲು ಏಳಲಿಲ್ಲ. ಮಧ್ಯಾಹ್ನ ಪಂಕ್ತಿ ಕುಳಿತಿತು. ಕಾಕಾನ ಜಾಗ ಖಾಲಿ. ಅವರು ಹೊರಗೆ ಕಟ್ಟೆಯ ಮೇಲೆ, ಹಿಂದೆ ಜೋಳದ ಬಂಡಿ ನಿಲ್ಲುತ್ತಿದ್ದ ಬೇವಿನ ಗಿಡದ ಕಡೆಗೆ ಮುಖ ಮಾಡಿ ಕುಳಿತಿದ್ದರು. ಊಟಕ್ಕೆ ಬಾ ಎಂದೆ.

“ಇವತ್ತ ಉಪವಾಸ” ಎಂದರು ಕಾಕಾ.

ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ನೀಲವ್ವ ಎರಡು ಅಂಗೈಗಳ ನಡುವೆ ತಾಟು ಹಿಡಿದುಕೊಂಡು ನಿಧಾನಕ್ಕೆ ಬಂದಳು. ತಾಟಿನಲ್ಲಿ ರೊಟ್ಟಿ ಇರಲಿಲ್ಲ.

“ಉಪವಾಸದವ್ರಿಗೂ ಮಾಡೇನಿ ತಮ್ಮಾ” ಎಂದಳು. “ನಮ್ಮ ಸಲುವಾಗಿ ಸುಳ್ಳ ಹೇಳಿದಿ. ಅದಕ್ಕ ನಿಮ್ಮ ಅಜ್ಜಾರು ಸಿಟ್ಟಾಗತಾರೇನ? ಬಾಯಿ ತಗಿ.”

ಸಾಬೂದಾಣಿಯ ತುತ್ತನ್ನು ಅವಳ ಅಂಗೈ ಕಾಕಾನ ಬಾಯಿಯ ಹತ್ತಿರ ತಂದಿತು. ಕಾಕಾ ಚಿಕ್ಕ ಹುಡುಗನ ಹಾಗೆ ಅಳುತ್ತಾ ಉಂಡರು.