ಡಾಚಾದಿಂದ ಬಂದ ಜಾಡಿಗಳು

ಬೇರೆಯವರ ಮನೆಯ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಓದದೆ ಪರೀಕ್ಷೆಗೆ ಹೋದವನು ನಾನು, ಮ್ಯಾನೇಜರ್ ಎದುರಿಗೇ ತೂಕಡಿಸಿದವನು. ಆದರೆ ಖಾಲಿ ಡಬ್ಬಿ ಹಿಡಿದು ಒಬ್ಬರ ಬಾಗಿಲಿಗೆ ಹೋಗುವುದೆಂದರೆ ಕೈಕಾಲು ಆಡುವುದಿಲ್ಲ. ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡು ಎಂದು ಅಮ್ಮ ಕಲಿಸಿದ್ದಳು. ಈ ಕಾಯಿಲೆ ನಮ್ಮವರಿಗೆ ಮಾತ್ರ ಇದೆ ಎಂದುಕೊಂಡಿದ್ದೆ.

ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ಬಾಡಿಗೆಗಿದ್ದಾಗ ದಂಟಿನ ಸೊಪ್ಪಿನ ಆಸೆಗೆ ಬಿದ್ದು, ಹತ್ತಿರದ ಸಾರ್ವಜನಿಕ ತೋಟದಲ್ಲಿ ತರಕಾರಿ ಬೆಳೆದುಕೊಳ್ಳಲು ಬಾಡಿಗೆಗೆ ಕೊಡುವ ಒಂದು ತುಂಡು ನೆಲ ಹಿಡಿದೆ. ಸುತ್ತಲಿದ್ದವರೆಲ್ಲ ರಷ್ಯಾದಿಂದ ಬಂದ ವಯಸ್ಸಾದವರು. ಅಂಗೈಯಗಲ ನೆಲದಲ್ಲೇ ಹಲಗೆಯ ಗುಡಿಸಲು, ಅದಕ್ಕೆ ಲೇಸಿನ ಪರದೆ, ಮುಂದೆ ಟೀ ಮೇಜು. ಅವರ ದೇಶದಲ್ಲಿ ಪಟ್ಟಣದವರು ರಜೆಗೆ ಹೋಗುವ ಇಂಥ ತೋಟದ ಮನೆಗೆ ಡಾಚಾ ಎನ್ನುತ್ತಾರಂತೆ. ಶನಿವಾರ ಮೂರು ಸ್ಟಾಪು ಬಸ್ಸಿನಲ್ಲಿ ಬಂದಿಳಿದು, ಪಟ್ಟಣದ ಗದ್ದಲ ಸಾಕಾಗಿತ್ತು ಎಂದು ನಿಟ್ಟುಸಿರು ಬಿಡುತ್ತಿದ್ದರು. ಪಟ್ಟಣ ಬೇಲಿಯ ಆಚೆಯೇ ಇತ್ತು.

ಪಕ್ಕದ ಡಾಚಾದ ನೀನಾ ಆಂಟಿ ಮೊದಲ ದಿನವೇ ಒಂದು ಜಾಡಿ ಉಪ್ಪುನೀರಿನ ಸೌತೆಕಾಯಿ ಕೊಟ್ಟರು. ನಾನು ಜಾಡಿಗೆ ನಿಂಬೆ ಉಪ್ಪಿನಕಾಯಿ ತುಂಬಿ ಹಿಂದಿರುಗಿಸಿದೆ. ಮರುವಾರ ಅದು ಎಲೆಕೋಸು ತುಂಬಿಕೊಂಡು ಬಂತು. ಪುಳಿಯೋಗರೆ ಗೊಜ್ಜು ತುಂಬಿ ಕೊಟ್ಟೆ. ಆಂಟಿಯ ಅಮ್ಮನೂ ನಮ್ಮಮ್ಮನ ಥರದವಳೇ ಎಂದು ಆಗ ತಿಳಿಯಿತು. ಮೂರನೇ ತಿಂಗಳಿಗೆ ಜಾಡಿ ಮೂರು ಲೀಟರಿನದಾಯಿತು. ಫ್ರಿಜ್ಜಿನಲ್ಲಿ ಹಾಲಿಗೆ ಜಾಗವಿಲ್ಲದೆ ಸೌತೆಕಾಯಿ ಬಾತ್‌ಟಬ್ಬಿಗೆ ಇಳಿಯಿತು. ಮನೆ ಪರೀಕ್ಷಿಸಲು ಬಂದ ಏಜೆಂಟ್ ಟಬ್ಬನ್ನು ಬಹಳ ಹೊತ್ತು ನೋಡಿ, ಏನೋ ಬರೆದುಕೊಂಡು ಹೋದ.

"ರೀ, ಲೀಸ್ ರಿನ್ಯೂ ಆಗ್ಬೇಕು ಅಂದ್ರೆ ಇದು ಸ್ಟಾಪ್ ಆಗ್ಬೇಕು. ಈ ಸಲ ಜಾರ್ ಖಾಲಿ ಕೊಟ್ಟು ಬನ್ನಿ," ಎಂದಳು ಹೆಂಡತಿ ಸುಮಾ. ನೀನೇ ಕೊಡು ಎಂದೆ. ತೊಳೆದ ಜಾಡಿ ಹಿಡಿದು ತೋಟದ ಗೇಟಿನವರೆಗೆ ಧೀರಳಂತೆ ನಡೆದವಳು, ವಾಪಸು ಬಂದು, ಕಾರಿನಲ್ಲಿದ್ದ ಅರ್ಧ ಪ್ಯಾಕೆಟ್ ಚುರುಮುರಿ ಸುರಿದುಕೊಂಡು ಹೋದಳು. ಮರುವಾರ ಎರಡು ಜಾಡಿ ಬಂದವು.

ಲೀಸ್ ರಿನ್ಯೂ ಆಗಲಿಲ್ಲ. ಸಿಡ್ನಿಯಲ್ಲಿ ಕೆಲಸ ಹುಡುಕಿಕೊಂಡು ಅಲ್ಲಿನ ಎಪ್ಪಿಂಗ್‌ಗೆ ಓಡಿದೆವು. ಹೊರಡುವ ಮುನ್ನ ಎರಡೂ ಜಾಡಿಗೆ ಕೋಡುಬಳೆ ತುಂಬಿ ಕೊಟ್ಟೆ. ಆಂಟಿ ಕಣ್ಣೊರೆಸಿಕೊಳ್ಳುತ್ತ ವಿಳಾಸ ಕೇಳಿದರು. ಪಾಪಿ ನಾನು, ಫ್ಲ್ಯಾಟ್ ನಂಬರು ಬೇಕೆಂದೇ ತಪ್ಪು ಬರೆದುಕೊಟ್ಟೆ.

ಎಪ್ಪಿಂಗ್‌ನಲ್ಲಿ ಪಕ್ಕದ ಮನೆಗೆ ಚಕ್ಕುಲಿ ಕೊಟ್ಟೆವು. ಡಬ್ಬಿ ಮರುದಿನವೇ ಫಳಫಳ ತೊಳೆದು, ಖಾಲಿಯಾಗಿ ಬಂತು. ಯಾರೋ ಬೈದು ಹೋದಂತೆ ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಕೊನೆಗೆ ತಡೆಯಲಾರದೆ, ನಾನು ಬರೆದುಕೊಟ್ಟಿದ್ದ ಆ ತಪ್ಪು ನಂಬರಿನ ಬಾಗಿಲು ತಟ್ಟಿ, ಮೆಲ್ಬರ್ನಿನಿಂದ ಏನಾದರೂ ಪಾರ್ಸೆಲ್ ಬಂದಿತ್ತೇ ಎಂದು ವಿಚಾರಿಸಿದೆ. ಬಂದಿತ್ತಂತೆ. ಸೌತೆಕಾಯಿ ಬಹಳ ಚೆನ್ನಾಗಿತ್ತಂತೆ. ಜಾಡಿಯನ್ನು ಕಸದ ಬಿನ್ನಿಗೆ ಹಾಕಿದರಂತೆ.