ಚಾರ್ಜ್ ಇದೆ ಸರ್

ಅಷ್ಟೂ ರಾದ್ಧಾಂತಕ್ಕೆ ಮೂಲ ಒಂದೇ ಒಂದು ಪದ. ಬೇರೆ ಯಾರಾದರೂ ಪದದ ಕೈಲಿ ಮೋಸ ಹೋದರೆ ಅಯ್ಯೋ ಪಾಪ ಅನ್ನಬಹುದು. ನಮ್ಮ ನಾಯಕನ ಹೊಟ್ಟೆಪಾಡೇ ಪದ. ಅವನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಮಾತಾಡುವಾಗ ಎರಡು ಪದಕ್ಕೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದುದರಿಂದ ಅಲ್ಲಿನವರು ಅವನಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು.

ಕೆರೆಯ ದಂಡೆಯ ಕ್ಯಾಂಪಿಗೆ ಹೊರಡುವ ಮುಂಚೆ ಅವನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಅಲ್ಲಿನ ಮ್ಯಾನೇಜರಿಗೆ ಫೋನು ಮಾಡಿದ.

“ನಿಮ್ಮಲ್ಲಿ, ಚಾರ್ಜ್ ಇದೆಯಾ?”

“ಇದೆ ಸರ್. ಇಲ್ದೆ ಇರುತ್ತಾ?”

“ಕಾರಿಗೂ, ಚಾರ್ಜ್ ಮಾಡ್ತೀರಾ?”

“ಕಾರಿಗೂ ಮಾಡ್ತೀವಿ, ಟೆಂಟಿಗೂ ಮಾಡ್ತೀವಿ. ಯಾರನ್ನೂ ಬಿಡಲ್ಲ ಸರ್!”

ಎಂಥ ಧಾರಾಳ ಮನುಷ್ಯ ಎಂದುಕೊಂಡು ಅಲ್ಪವಿರಾಮ ಹೊರಗೆ ಬಂದ.

ಬಚ್ಚಲುಮನೆಯಿಂದಲೇ ಯಾಕೆ ಫೋನು ಮಾಡಬೇಕಿತ್ತು ಎಂದರೆ, ಹಜಾರದಲ್ಲಿ ಮಾವನವರು ಕೂತಿದ್ದರು. ಅವರು ನಿವೃತ್ತ ಸ್ಟೇಷನ್ ಮಾಸ್ಟರು. ಜೀವಮಾನದಲ್ಲಿ ಒಂದು ದಿನವೂ ತಡವಾಗಿ ಎದ್ದವರಲ್ಲ, ತಡವಾಗಿ ಬಂದವರನ್ನು ಕ್ಷಮಿಸಿದವರೂ ಅಲ್ಲ. ಅಳಿಯ ಕರೆಂಟು ಕಾರು ಕೊಂಡ ದಿನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇದು ಕಾರಲ್ಲ ಅಳಿಯಂದ್ರೇ, ಚಕ್ರ ಇರೋ ಮಿಕ್ಸಿ” ಎಂದಿದ್ದರು. ಆ ಮಾತು ಅಲ್ಪವಿರಾಮನಿಗೆ ಚುಚ್ಚಿತ್ತು. ಈಗ ಗುಡ್ಡದಾಚೆಯ ಊರಿನಲ್ಲಿ ಹಳೇ ಸಹೋದ್ಯೋಗಿಗಳೆಲ್ಲ ಸೇರಿ ಮಾವನವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಅಳಿಯ ಎದೆ ತಟ್ಟಿಕೊಂಡು, “ನಾನೇ ಕರಕೊಂಡು ಹೋಗ್ತೀನಿ ಮಾವ. ದಾರೀಲಿ ಕೆರೆ ಹತ್ರ ಒಂದು ದಿನ ಟೆಂಟಲ್ಲಿರೋಣ. ಹೋಗಿ ಬರೋ ತನಕ, ಈ ಕಾರಿಗೆ, ವೈರು ಮುಟ್ಟಿಸಿದ್ರೆ ಕೇಳಿ!” ಎಂದುಬಿಟ್ಟಿದ್ದ. ಹೇಳಿದ್ದೇನೋ ಹೇಳಿಬಿಟ್ಟ, ಆದರೆ ಒಳಗೊಳಗೇ ಪುಕುಪುಕು.

ಆ ಪುಕುಪುಕು ಸುಳ್ಳಾಗಲಿಲ್ಲ. ಏರು ಹತ್ತುವಾಗ ಕಾರಿನ ಬ್ಯಾಟರಿ ಕರಗುತ್ತ ಕರಗುತ್ತ, ಕೆರೆ ಕಾಣುವ ಹೊತ್ತಿಗೆ ಶೇಕಡಾ ಒಂಬತ್ತಕ್ಕೆ ಬಂತು. ಮಾವನವರಿಗೆ ಕಾಣದಿರಲಿ ಎಂದು ಅವನು ಆ ಅಂಕಿಯ ಮೇಲೆ ಕರವಸ್ತ್ರ ಹಾಸಿದ. ನಾಳೆ ಇನ್ನೂ ಒಂದು ಗುಡ್ಡ ಹತ್ತಬೇಕಿತ್ತು.

ಕ್ಯಾಂಪಿನಲ್ಲಿ ಟೆಂಟಿಗೊಂದು ಮೊಣಕಾಲೆತ್ತರದ ಕರೆಂಟು ಕಂಬ, ಕಂಬಕ್ಕೊಂದು ಪ್ಲಗ್ಗು. ಅಲ್ಪವಿರಾಮ ಮ್ಯಾನೇಜರನ್ನು ಪಕ್ಕಕ್ಕೆ ಕರೆದು, “ಕಾರಿಗೆ, ಚಾರ್ಜ್, ಎಲ್ಲಿ ಮಾಡ್ತೀರಿ?” ಎಂದು ಪಿಸುಗುಟ್ಟಿದ.

“ಹೊರಡೋವಾಗ, ಆಫೀಸಲ್ಲಿ.”

“ಅಲ್ಲ, ವೈರು?”

“ಯಾವ ವೈರು ಸರ್? ಕಾರು ನಿಲ್ಲಿಸೋಕೆ ಚಾರ್ಜ್, ಟೆಂಟಿಗೆ ಚಾರ್ಜ್. ದುಡ್ಡು ಸರ್, ದುಡ್ಡು!” ಮ್ಯಾನೇಜರು ಬೋರ್ಡಿನ ಕಡೆ ಕೈ ತೋರಿಸಿದ. “ಕಂಬದ ಕರೆಂಟು ದೀಪಕ್ಕೆ, ಫ್ಯಾನಿಗೆ, ಸಣ್ಣಪುಟ್ಟ ಸಾಮಾನಿಗೆ. ಕಾರು, ನೀರು ಕಾಯಿಸೋ ರಾಡು ಹಾಕೋ ಹಾಗಿಲ್ಲ. ಇಡೀ ಸಾಲಿಗೆ ಒಂದೇ ಲೈನು. ಒಬ್ರು ಜಾಸ್ತಿ ಎಳೆದ್ರೆ ಎಲ್ಲರದ್ದೂ ಹೋಗುತ್ತೆ.”

ಅಲ್ಪವಿರಾಮ ಬೋರ್ಡು ಓದಿದ. ‘ಕಾರಿಗೆ ವಿದ್ಯುತ್ ಬಳಸಬರದು’ ಎಂದಿತ್ತು. ಬೇರೆ ದಿನವಾಗಿದ್ದರೆ ಆ ದೀರ್ಘ ಹೋದದ್ದಕ್ಕೆ ಅವನ ಕೈ ಪೆನ್ನಿಗೆ ಹೋಗುತ್ತಿತ್ತು. ಇವತ್ತು ಅದು ಅವನಿಗೆ ಆಸೆ ಹುಟ್ಟಿಸಿತು. ಸರಿಯಾಗಿ ಬರೆಯದ ನಿಯಮ ನಿಯಮವೇ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡಿದ್ದಕ್ಕೆ ನಾಚಿಕೆಯೂ ಆಯಿತು.

ಮಧ್ಯಾಹ್ನದ ಊಟವಾದ ಮೇಲೆ ಮಾವನವರು ಟೆಂಟಿನಲ್ಲಿ ಗೊರಕೆ ಹೊಡೆಯತೊಡಗಿದರು. ಅಲ್ಪವಿರಾಮ ಬೆಕ್ಕಿನ ಹೆಜ್ಜೆಯಲ್ಲಿ ಹಿಂದಕ್ಕೆ ಹೋಗಿ, ಕಾರಿನ ವೈರನ್ನು ಕಂಬಕ್ಕೆ ಸಿಕ್ಕಿಸಿದ. ವೈರನ್ನು ಹುಲ್ಲಿನಲ್ಲಿ ಮುಚ್ಚಿದ, ಪ್ಲಗ್ಗಿನ ಮೇಲೆ ಟವೆಲ್ ಹೊದಿಸಿದ, ಕಾರಿಗೆ ಬಿಸಿಲು ತಾಗದ ಹಾಗೆ ಎಂಬಂತೆ ಬೆಡ್‌ಶೀಟ್ ಎಳೆದ. ಆಮೇಲೆ ಏನೂ ಅರಿಯದವನ ಹಾಗೆ ಹೆಂಡತಿಯ ಜೊತೆ ಕೆರೆಯ ಕಡೆ ನಡೆದ.

ನೀರಿಗೆ ಇನ್ನೂ ಕಾಲಿಟ್ಟಿರಲಿಲ್ಲ, ಹಿಂದಿನಿಂದ ಯಾರೋ ಕಿಟಾರನೆ ಕಿರುಚಿದ್ದು ಕೇಳಿಸಿತು.

ಓಡಿಬಂದರೆ, ಪಕ್ಕದಲ್ಲಿ ವ್ಯಾನು ನಿಲ್ಲಿಸಿಕೊಂಡಿದ್ದ ಹಲ್ಲಿನ ಡಾಕ್ಟರೊಬ್ಬರು ಕೈಯಲ್ಲಿ ಕರೆಂಟಿನ ಟ್ರಿಮ್ಮರು ಹಿಡಿದು ಕುಣಿಯುತ್ತಿದ್ದರು. ಅವರ ದಪ್ಪ ಮೀಸೆಯಲ್ಲಿ ಎಡಗಡೆಯದ್ದು ಮಾತ್ರ ಇತ್ತು. ಬಲಗಡೆಯದ್ದು ಹೋಗಿತ್ತು.

“ತುದಿ ಸಮ ಮಾಡ್ತಾ ಇದ್ದೆ ಕಣ್ರೀ! ಕರೆಂಟು ಹೋದ ಗಾಬರಿಗೆ ಕೈ ಜಾರಿತು! ಈಗ ಆ ಕಡೇದೂ ತೆಗೆಯೋಣ ಅಂದ್ರೆ ಕರೆಂಟೇ ಇಲ್ಲ!”

ಆಚೆ ಟೆಂಟಿನ ಟೀಚರಮ್ಮ ಓವನ್ನಿನಲ್ಲಿ ಅರ್ಧ ಬೆಂದು ಕುಸಿದುಹೋದ ಕೇಕನ್ನು ತಟ್ಟೆಯಲ್ಲಿಟ್ಟುಕೊಂಡು ಬಂದರು. “ಟ್ರಿಪ್ಪಿಗೆ ಅಂತ ಬಂದ್ವಿ, ಬಂದ ದಿನಾನೇ ಲೈನು ಟ್ರಿಪ್ ಆಯ್ತು. ನನ್ನ ಮಗಳ ಹುಟ್ಟಿದ ಹಬ್ಬ ಇವತ್ತು. ಯಾವ ಪುಣ್ಯಾತ್ಮ ಕಾರು ಹಾಕಿದಾನೋ!”

ಅಲ್ಪವಿರಾಮ ಮೆಲ್ಲಗೆ ಹಿಂದೆ ಸರಿದ. ಹಿಂದಕ್ಕೆ ಹೋಗಿ ಪ್ಲಗ್ಗು ಕೀಳೋಣವೆಂದರೆ ಡಾಕ್ಟರು ಅವನ ಹೆಗಲಿಗೇ ಜೋತುಬಿದ್ದಿದ್ದರು. ಅಷ್ಟರಲ್ಲಿ ಮ್ಯಾನೇಜರು ಲೈನು ಸರಿಮಾಡಿದ. ಎಲ್ಲರೂ ಉಸ್ಸೆಂದರು. ಡಾಕ್ಟರು ಉಳಿದರ್ಧಕ್ಕೆ ಟ್ರಿಮ್ಮರು ಎತ್ತಿದರು. ಅದು ಮೀಸೆಗೆ ತಗಲುವ ಮೊದಲೇ ಮತ್ತೆ ಕರೆಂಟು ಹೋಯಿತು.

“ಕಂಡು ಹಿಡೀಲೇಬೇಕು ಅವನನ್ನ!” ಎಂದು ಡಾಕ್ಟರು ಗುಡುಗಿದರು. “ಬನ್ನಿ, ಪ್ರತಿ ಟೆಂಟೂ ನೋಡೋಣ. ಯಾರ್ರೀ ಮುಂದೆ ನಿಲ್ತೀರಿ?”

“ಇವರಿದಾರಲ್ಲ,” ಎಂದಳು ಹೆಂಡತಿ, ಬಲು ಹೆಮ್ಮೆಯಿಂದ ಗಂಡನ ಬೆನ್ನು ತಳ್ಳುತ್ತ. “ಪ್ರೂಫ್ ನೋಡೋರು. ತಪ್ಪು ಹಿಡಿಯೋದೇ ಇವರ ಕೆಲಸ. ಒಂದು ಚುಕ್ಕೆ ಆಚೀಚೆ ಆದ್ರೂ ಬಿಡಲ್ಲ.”

ಹೀಗೆ ಕಳ್ಳನನ್ನು ಹಿಡಿಯುವ ದಂಡಿಗೆ ಕಳ್ಳನೇ ದಂಡನಾಯಕನಾದ. ಅಲ್ಪವಿರಾಮ ಕಂಡವರ ಟೆಂಟುಗಳಿಗೆ ನುಗ್ಗಿ, ಅವರ ಇಸ್ತ್ರಿಪೆಟ್ಟಿಗೆ, ಟೋಸ್ಟರು, ಮಗುವಿನ ಹಾಲು ಬೆಚ್ಚಗೆ ಮಾಡುವ ಡಬ್ಬಿ ಎಲ್ಲವನ್ನೂ ಎತ್ತಿ ಎತ್ತಿ ನೋಡಬೇಕಾಯಿತು. “ಇದು, ಎಷ್ಟು ಕರೆಂಟು, ಎಳೆಯುತ್ತೆ?” ಎಂದು ಗಂಭೀರವಾಗಿ ಕೇಳುವಾಗ ತನ್ನ ದನಿಯೇ ತನಗೆ ಹೇಸಿಗೆ ಎನಿಸಿತು. ಟೀಚರಮ್ಮನ ಮಗಳು ಕುಸಿದ ಕೇಕಿನಲ್ಲೇ ಒಂದು ತುಂಡು ಮುರಿದು, “ಅಂಕಲ್, ಪಾಪ ನಮಗೋಸ್ಕರ ಎಷ್ಟು ಕಷ್ಟಪಡ್ತಿದೀರಾ, ತಗೊಳ್ಳಿ” ಎಂದು ಕೊಟ್ಟಾಗಂತೂ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು.

ಕೊನೆಗೆ ಉಳಿದದ್ದು ಅವನದೇ ಟೆಂಟು.

“ಹಿಂದುಗಡೆ, ಏನಿಲ್ಲ, ಬರೀ ಮುಳ್ಳು,” ಎಂದು ಅವನು ಎಲ್ಲರನ್ನೂ ಮುಂಬಾಗಿಲಿಗೇ ತಿರುಗಿಸಿದ. ಒಳಗೆ ಮಾವನವರು ಕಾಲಿನ ಮೇಲೆ ಶಾಲು ಹೊದ್ದು ಕೂತಿದ್ದರು. ಪಕ್ಕದಲ್ಲಿ ಒಂದು ಬಕೆಟ್ ನೀರು. ಡಾಕ್ಟರು ಬಕೆಟ್ಟನ್ನು ನೋಡಿದರು, ಮಾವನವರನ್ನು ನೋಡಿದರು, ಉಳಿದ ಅರ್ಧ ಮೀಸೆ ತೀಡಿಕೊಂಡರು.

“ಏನು ಯಜಮಾನ್ರೇ, ರಾಡು ಹಾಕಿದ್ರಾ?”

“ಯಾರು, ನಾನಾ?” ಮಾವನವರ ಕಿವಿ ಕೆಂಪಾದವು. “ಸಿಗ್ನಲ್ ಇಲ್ದೆ ಒಂದು ಗಾಡಿ ಬಿಟ್ಟವನಲ್ಲ ನಾನು! ಕೈ ಹಾಕಿ ನೋಡಿ, ನೀರು ತಣ್ಣಗಿದೆ.”

“ಕರೆಂಟು ಇದ್ರೆ ತಾನೇ ಬಿಸಿ ಆಗೋದು?” ಎಂದರು ಟೀಚರಮ್ಮ. “ಇಷ್ಟು ವಯಸ್ಸಾಗಿದೆ, ಓದಿ ಬರೆದು ಮಾಡಿದೀರಿ, ಹೊರಗೆ ಬೋರ್ಡು ಹಾಕಿಲ್ವಾ?”

ಗುಂಪು ಗುಜುಗುಜು ಎಂದಿತು. ಮಾವನವರ ತಲೆ ಕೆಳಗಾಯಿತು. ಆ ತಲೆ ಬಾಗಿದ್ದನ್ನು ಅಲ್ಪವಿರಾಮ ಅದುವರೆಗೆ ಕಂಡಿರಲಿಲ್ಲ. ತಾನು ಮಾಡಿದ ಕಳ್ಳತನಕ್ಕೆ ಈ ಬಿಳಿಗೂದಲಿನ ಮನುಷ್ಯ ಬೈಸಿಕೊಳ್ಳುವುದೇ? ನಾಳೆ ಸನ್ಮಾನದ ಶಾಲು ಹೊದೆಯಬೇಕಾದವರು ಇವತ್ತು ಅಪರಿಚಿತರ ಮುಂದೆ ಹೀಗೆ ಮುದುಡಿ ಕೂರುವುದೇ? ತನ್ನ ಮಾನ ಹೋದರೆ ಹೋಗಲಿ ಎಂದು ಗಟ್ಟಿಮನಸ್ಸು ಮಾಡಿ ಮುಂದೆ ಬಂದ.

“ನಿಲ್ಲಿ! ಇದನ್ನೆಲ್ಲಾ ಮಾಡಿದ್ದು, ನಮ್ಮ ಮಾವ,” ಎಂದು ಅಭ್ಯಾಸಬಲದಿಂದ ಉಸಿರೆಳೆದುಕೊಂಡ.

“ನೋಡಿದ್ರಾ! ಅಳಿಯನೇ ಹೇಳ್ತಿದಾನೆ!” ಎಂದು ಡಾಕ್ಟರು ಕೂಗಿದರು.

“ಅಲ್ಲ, ನಾನು! ಕಾರಿಗೆ, ವೈರು ಹಾಕಿದ್ದು, ನಾನು!”

ಎಲ್ಲರೂ ಒಟ್ಟಿಗೇ ಬಾಯಿ ಮಾಡಿದರು. ಮುಖಕ್ಕೆ ಮಂಗಳಾರತಿ ಎಂದರೆ ಏನೆಂದು ಅಲ್ಪವಿರಾಮನಿಗೆ ಅವತ್ತು ತಿಳಿಯಿತು. “ನೀವೇ ಹಾಕಿ, ನೀವೇ ಹುಡುಕೋಕೆ ಬಂದ್ರಾ? ನನ್ನ ಸಣ್ಣ ಓವನ್ನನ್ನ ಬೋರಲು ಹಾಕಿ ನೋಡಿದ್ರಲ್ಲ, ಥೂ!” ಎಂದರು ಟೀಚರಮ್ಮ. ಹುಡುಗಿ ಕೇಕಿನ ತಟ್ಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಹೆಂಡತಿ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಮ್ಯಾನೇಜರು ಆಫೀಸಿಗೆ ಹೋಗಿ ಅವರ ಕಂಬದ ಕರೆಂಟು ತೆಗೆದು, ಪೆಟ್ಟಿಗೆಗೆ ಬೀಗ ಜಡಿದ. “ನೀವು ಖಾಲಿ ಮಾಡೋ ತನಕ ಇದು ಬಂದ್. ಯಾರು ಬಂದು ಕೇಳಿದ್ರೂ ಅಷ್ಟೇ.”

ಮಾವನವರು ಮಾತ್ರ ಅಳಿಯನನ್ನೇ ದಿಟ್ಟಿಸಿ ನೋಡುತ್ತಿದ್ದರು.

ಬಿಸಿಲು ಇಳಿದು ಎಲ್ಲರೂ ಚದುರಿದ ಮೇಲೆ ಅಲ್ಪವಿರಾಮ ಕುಗ್ಗಿಕೊಂಡು ಕಾರಿನ ಬಳಿಗೆ ಹೋದ. ಮಾನ ಹೋಯಿತು ನಿಜ, ಆದರೆ ಎಳೆದಷ್ಟು ಕರೆಂಟಾದರೂ ಉಳಿಯಿತಲ್ಲ, ಗುಡ್ಡ ದಾಟಲು ಅಷ್ಟು ಸಾಕಾದೀತು ಎಂಬುದೊಂದೇ ಸಮಾಧಾನ. ಒಳಗೆ ಕೂತು ಕರವಸ್ತ್ರ ಸರಿಸಿದ.

ಎಂಟು.

ಕಣ್ಣುಜ್ಜಿಕೊಂಡು ನೋಡಿದ. ಎಂಟೇ. ಓಡಿಹೋಗಿ ಕಂಬದ ಮೇಲಿನ ಟವೆಲ್ ಎತ್ತಿದ. ಅವನ ಕಾರಿನ ಪ್ಲಗ್ಗು ಹುಲ್ಲಿನಲ್ಲಿ ಬಿದ್ದಿತ್ತು, ಅದರ ಮೇಲೆ ಇರುವೆ ಸಾಲು ಹೋಗುತ್ತಿತ್ತು. ಕಂಬದಲ್ಲಿ ಸಿಕ್ಕಿಕೊಂಡಿದ್ದು ಬೇರೆ ಯಾವುದೋ ಹಳೇ ಕಪ್ಪು ವೈರು. ಅದನ್ನು ಹಿಡಿದು ಎಳೆಯುತ್ತ ಹೋದರೆ ಟೆಂಟಿನ ಅಂಚಿನಡಿ ನುಸುಳಿ, ಮಾವನವರ ದಿಂಬಿನಡಿಯಿಂದ ನೀರು ಕಾಯಿಸುವ ರಾಡೊಂದು ಕಟಕಟ ಎಂದು ಹೊರಗೆ ಬಂತು.

“ಮೆಲ್ಲಗೆ ಅಳಿಯಂದ್ರೇ,” ಎಂದು ಬೆನ್ನ ಹಿಂದೆ ದನಿ ಬಂತು. ಮಾವನವರ ಕಣ್ಣು ತುಂಬಿತ್ತು. “ಕಾಲು ಸೆಳೆತಕ್ಕೆ ಎಚ್ಚರ ಆಯ್ತು. ಬಿಸಿನೀರಲ್ಲಿ ಇಡೋಣ ಅಂತ ರಾಡು ಹಾಕ್ದೆ. ಕಂಬದಲ್ಲಿ ಯಾವುದೋ ದೀಪದ ವೈರು ಇತ್ತು, ನೀವು ಅತ್ಲಾಗೆ ಹೋದ ತಕ್ಷಣ ಕಿತ್ತು ಹಾಕ್ದೆ. ಕರೆಂಟು ಹೋಗೋದು ನನ್ನಿಂದಾನೇ ಅಂತ ಎರಡನೇ ಸಲಕ್ಕೆ ಗೊತ್ತಾಯ್ತು. ಒಪ್ಕೊಳ್ಳೋಕೆ ಬಾಯಿ ಬರ್ಲಿಲ್ಲ ನೋಡಿ. ನಾಚಿಕೆ ಆಯ್ತು.”

“ಮಾವ, ಅದು, ದೀಪದ್ದಲ್ಲ...”

“ನೀವೇನೂ ಹೇಳ್ಬೇಡಿ!” ಮಾವನವರು ಅವನ ಎರಡೂ ಕೈ ಹಿಡಿದುಕೊಂಡರು. “ನನ್ನ ಮಾನ ಉಳಿಸೋಕೆ ಎಂಥಾ ಸುಳ್ಳು ಹೇಳಿದ್ರಿ! ಕಾರಿಗೆ ವೈರು ಹಾಕ್ದೆ ಅಂತೆ! ವೈರೇ ಮುಟ್ಟಿಸಲ್ಲ ಅಂತ ಮಾತು ಕೊಟ್ಟೋರು ನೀವು, ನನಗೆ ಗೊತ್ತಿಲ್ವಾ? ನಿಮ್ಮನ್ನ ಇಷ್ಟು ದಿನ ಹಗುರವಾಗಿ ನೋಡ್ದೆ. ಆ ಕಾರನ್ನ ಮಿಕ್ಸಿ ಅಂದೆ. ತಪ್ಪಾಯ್ತು.”

ಎಷ್ಟೋ ವರ್ಷದಿಂದ ಬಾಯಿಬಿಟ್ಟುಕೊಂಡು ಕಾದಿದ್ದ ಮಾತು ಇದು. ಅದು ಇಂಥ ಹೊತ್ತಿಗೆ ಬಂತಲ್ಲ ಎಂದು ಅಲ್ಪವಿರಾಮನಿಗೆ ಅಳು ಬಂತು. ಅದನ್ನು ಕಂಡು ಮಾವನವರೂ ಅತ್ತರು.

ಆಗ ಹಲ್ಲಿನ ಡಾಕ್ಟರು ಬೋಳಿಸಿದ ಮೂತಿ ಹೊತ್ತು ಬಂದರು. ಅವರ ಗುರುತೇ ಸಿಗುವಂತಿರಲಿಲ್ಲ. “ಯಜಮಾನ್ರೇ, ನಿಮ್ಮ ಮೇಲೆ ಸುಮ್ನೆ ಅನುಮಾನ ಪಟ್ಟೆ, ಮನಸ್ಸಿಗೆ ಹಚ್ಕೋಬೇಡಿ. ನಾನೂ ಗುಡ್ಡದಾಚೆ ಊರಿಗೇ ಹೊರಟಿರೋದು. ವ್ಯಾನಲ್ಲಿ ಜಾಗ ಇದೆ, ಎಲ್ಲರೂ ಬನ್ನಿ.”

ಅಲ್ಪವಿರಾಮನ ಪ್ರಾಣ ಬಂದ ಹಾಗಾಯಿತು. “ಒಳ್ಳೇದು, ಮಾವ, ಹೋಗೋಣ...”

“ಏನು ಮಾತು ಅಂತ ಆಡ್ತೀರಿ!” ಮಾವನವರು ಎದೆ ಉಬ್ಬಿಸಿ ನಿಂತರು. “ಡಾಕ್ಟ್ರೇ, ನಿಮ್ಮ ಉಪಕಾರ ದೊಡ್ಡದು. ಆದ್ರೆ ನಾನು ನನ್ನ ಅಳಿಯನ ಕಾರು ಬಿಟ್ಟು ಇನ್ನೊಂದು ಗಾಡಿ ಹತ್ತಲ್ಲ. ಇವತ್ತಲ್ಲ, ಇನ್ನು ಮೇಲೆ ಎಂದೂ ಹತ್ತಲ್ಲ.”

ಡಾಕ್ಟರು ಭುಜ ಹಾರಿಸಿ ಹೊರಟುಹೋದರು. ಅವರ ವ್ಯಾನಿನ ಹಿಂದಿನ ಕೆಂಪು ದೀಪ ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೆ ಅಲ್ಪವಿರಾಮ ನೋಡುತ್ತ ನಿಂತ.

ಮಾವನವರು ಅಷ್ಟರಲ್ಲಿ ಫೋನು ಕಿವಿಗಿಟ್ಟುಕೊಂಡು ಹಳೇ ಸಹೋದ್ಯೋಗಿಯೊಬ್ಬರಿಗೆ ಕೂಗಿ ಹೇಳುತ್ತಿದ್ದರು. “ನಾಳೆ ಬೆಳಿಗ್ಗೆ ಎಲ್ಲರೂ ಗೇಟಿನ ಹತ್ರಾನೇ ನಿಂತಿರ್ರಯ್ಯಾ! ನನ್ನ ಅಳಿಯನ ಕಾರು ನೋಡೋರಂತೆ. ಒಂದು ಸಲಾನೂ ವೈರು ಮುಟ್ಟಿಸಿಲ್ಲ! ಏನು? ಗುಡ್ಡ ಹತ್ತುತ್ತಾ ಅಂತಾನಾ? ಅಳಿಯಂದ್ರೇ, ಚಾರ್ಜ್ ಇದೆ ತಾನೇ?”

“ಅದು, ಮಾವ, ಅಂದ್ರೆ,” ಎಂದು ಅಲ್ಪವಿರಾಮ ಉಸಿರೆಳೆದುಕೊಂಡ. ಈ ಸಲ ಉಸಿರು ಹೊರಗೆ ಬರಲೇ ಇಲ್ಲ.

ಆ ಬಿಡುವಿನಲ್ಲಿ ಆಫೀಸಿನ ಕಿಟಕಿಯಿಂದ ಮ್ಯಾನೇಜರು ಬಗ್ಗಿ ಕೂಗಿದ. “ಸರ್! ಹೊರಡೋ ಮುಂಚೆ ಮರೀದೆ ಬನ್ನಿ! ನಿಮ್ಮ ಕಾರಿಗೆ ಚಾರ್ಜ್ ಇದೆ ಸರ್!”

“ಕೇಳಿಸ್ತೇನಯ್ಯಾ?” ಎಂದರು ಮಾವನವರು ಫೋನಿನಲ್ಲಿ. “ಇಲ್ಲಿನ ಮ್ಯಾನೇಜರೇ ಹೇಳ್ತಿದಾನೆ, ಚಾರ್ಜ್ ಇದೆಯಂತೆ!”